ಸಾಕ್ಷಿಯ ಬುಡದ ಕಪ್ಪು ಗೆರೆ

ನಮ್ಮಪ್ಪ ಸತ್ತದ್ದು ಮಣ್ಣಿನ ಕಂಬ ಮೈಮೇಲೆ ಬಿದ್ದು. ರಟ್ಟೀಹಳ್ಳಿ ಹತ್ತಿರದ ಒಂದು ಕೆರೆಯಲ್ಲಿ, ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ.

ಕೆರೆ ಒಣಗಿತ್ತು. ಸರ್ಕಾರ ಹೂಳು ತೆಗೆಸುತ್ತಿತ್ತು. ಅಪ್ಪ ನಮ್ಮ ಗುಂಪಿನ ಮೇಸ್ತ್ರಿ. ಅವ್ವ ಮತ್ತು ನಾನು ಮಣ್ಣು ಹೊರುತ್ತಿದ್ದೆವು. ಅಗೆಯುವಾಗ ನಡುವೆ ಕಂಬದಷ್ಟು ಮಣ್ಣನ್ನು ಹಾಗೇ ಬಿಡಬೇಕು, ನೆತ್ತಿಯ ಹುಲ್ಲು ಸಮೇತ. ಎಷ್ಟು ಆಳ ಅಗೆದಿದ್ದೇವೆ ಅಂತ ಓವರ್ಸೀಯರ್ ಅದನ್ನು ನೋಡಿ ಅಳೆಯುತ್ತಾನೆ. ಅದಕ್ಕೆ ಸಾಕ್ಷಿ ಅನ್ನುತ್ತೇವೆ. ಅಳತೆಯಾದ ಮೇಲೆ ನೆತ್ತಿಯಿಂದ ಕಡಿಯುತ್ತ ಬರಬೇಕು. ಬುಡಕ್ಕೆ ಗುದ್ದಲಿ ಹಾಕಿದವರಿಗೆ ಅಪ್ಪ ಕೆಟ್ಟದಾಗಿ ಬೈಯುತ್ತಿದ್ದ.

ಅಳತೆ ಮುಗಿದ ದಿನವೇ ಧಾರವಾಡದ ಕಡೆಯ ಕಾಲೇಜಿನ ಮಾಸ್ತರೊಬ್ಬರು ಬಂದರು. ಕೆರೆಗಳ ಮಣ್ಣು ನೋಡುವುದು ಅವರ ಕೆಲಸ. ಸಾಕ್ಷಿಯ ಬುಡದಲ್ಲಿ ಬೆರಳು ದಪ್ಪದ ಕಪ್ಪು ಗೆರೆ ಇತ್ತು. ಅದನ್ನು ಕಂಡು ಅಲ್ಲೇ ಕುಳಿತುಬಿಟ್ಟರು.

"ಏನ್ರಿ ಮಾಸ್ತರ, ಬಂಗಾರ ಸಿಕ್ತೇನ್ರಿ?" ಅಂದ ಅಪ್ಪ.

"ಬೂದಿ ಇದ್ದಂಗ ಕಾಣ್ತತ್ರಿ. ಬಾಳ ಹಳೇದು."

ಆಮೇಲೆ ಅವರು ಬರ್ಫದ ದೇಶದ ಮಾತು ತೆಗೆದರು. ಅಲ್ಲಿ ಬಿದ್ದ ಹಿಮ ಕರಗುವುದಿಲ್ಲವಂತೆ. ವರ್ಷದ ಮೇಲೆ ವರ್ಷ ಕೂತು ಗಟ್ಟಿಯಾಗುತ್ತದಂತೆ. ಅದಕ್ಕೆ ಬೋರ್ ಹಾಕಿ, ಕಂಬದ ಹಾಗೆ ಮೇಲೆತ್ತಿ ಪದರ ಪದರ ನೋಡುತ್ತಾರಂತೆ. ಯಾವಾಗ ಧೂಳೆದ್ದಿತು, ಯಾವಾಗ ಬೆಂಕಿಯ ಬೆಟ್ಟ ಸಿಡಿಯಿತು, ಆಕಾಶದಿಂದ ಏನು ಉದುರಿತು, ಎಲ್ಲ ಅದರಲ್ಲಿ ಸಿಗುತ್ತದಂತೆ. ಕೆರೆಯ ಹೂಳೂ ಹಾಗೇ ಪದರ ಪದರ ಕೂತದ್ದಂತೆ. ಹಿಂದೆ ಹವೆ ಒಮ್ಮೆಗೇ ಕೆಟ್ಟದ್ದಿದೆ, ಮನುಷ್ಯನ ಒಂದು ಆಯುಷ್ಯದೊಳಗೇ ಕೆಟ್ಟದ್ದಿದೆ ಅಂದರು.

"ಆಕಾಶದಾಗಿನ ಕಲ್ಲು ಬಿದ್ದು ಕೆಟ್ಟಿತೇನ್ರಿ?" ಅಪ್ಪ ಕೇಳಿದ.

"ಹಂಗ ಅನ್ನವ್ರೂ ಅದಾರ. ಇನ್ನೂ ಖಾತ್ರಿ ಇಲ್ರಿ. ಹುಡುಕಾಕತ್ತಾರ."

ಅವ್ವ ಬುಟ್ಟಿ ಇಳಿಸಿದಳು. "ಖಾತ್ರಿ ಇಲ್ದ ಬೂದಿಗೆ ಇಷ್ಟ ದೂರ ಬಂದ್ರೇನ್ರಿ? ನಮ್ಮ ಒಲ್ಯಾಗ ಬೇಕಾದಷ್ಟ ಐತಿ, ಒಯ್ರಿ."

ಎಲ್ಲರೂ ನಕ್ಕರು. ಮಾಸ್ತರೂ ನಕ್ಕರು.

"ಇದನ್ನ ಒಯ್ಯಾಕ ನಾಳೆ ಡಬ್ಬಿ ತರ್ತೇನಿ. ಮ್ಯಾಲಿಂದ ಇಳಿಸ್ರಿ. ಬುಡಾ ಮುಟ್ಟಬ್ಯಾಡ್ರಿ," ಅಂದರು.

"ಅದನ್ನ ನನಗ ಹೇಳ್ತೀರೇನ್ರಿ?" ಅಂದ ಅಪ್ಪ.

ಆ ಸಂಜೆ ದೊಡ್ಡ ಹನಿಯ ಮಳೆ ಬಂತು, ಬಂದಷ್ಟೇ ಬೇಗ ನಿಂತಿತು. ಬೆಳಿಗ್ಗೆ ನೋಡಿದರೆ ಸಾಕ್ಷಿಯ ಮೈ ಹಸಿಯಾಗಿತ್ತು. ಕಪ್ಪು ಗೆರೆ ಉದುರುತ್ತಿತ್ತು. ಅಪ್ಪ ಸಣ್ಣ ಹಾರೆ ಹಿಡಿದು ಬುಡಕ್ಕೆ ಕುಕ್ಕುರುಗಾಲಲ್ಲಿ ಕುಳಿತ.

"ಅಪ್ಪಾ, ಬುಡಾ ಅದು," ಅಂದೆ.

"ಮಾಸ್ತರ ಬರೂದ್ರಾಗ ಉದುರಿ ಹೋಗ್ತತಿ. ಬಂದವ್ರನ್ನ ಬರಿಗೈಲೆ ಕಳಸೂದೇನಲೇ? ಒಂದ ರೊಟ್ಟಿಯಷ್ಟ ತೆಗೀತೇನಿ. ನೀ ಬುಟ್ಟಿ ಹೊರು, ಹೋಗು."

ನಾನು ಬುಟ್ಟಿ ಹೊತ್ತು ಕೆರೆಯ ಏರಿ ಹತ್ತಿದೆ. ದೊಡ್ಡ ಸಪ್ಪಳವೇನೂ ಆಗಲಿಲ್ಲ. ಜೋಳದ ಚೀಲ ನೆಲಕ್ಕೆ ಹಾಕಿದಂತೆ ಕೇಳಿಸಿತು. ತಿರುಗಿದರೆ ಕಂಬ ಇರಲಿಲ್ಲ.

ಸಲಿಕೆ ತಾಗೀತೆಂದು ಕೈಯಲ್ಲೇ ತೋಡಿದೆವು. ಅಪ್ಪ ಬೋರಲಾಗಿ ಬಿದ್ದಿದ್ದ. ಬಾಯಿ ತುಂಬ ಮಣ್ಣು. ಉಸಿರಿರಲಿಲ್ಲ. ಮುಷ್ಟಿಯಲ್ಲಿ ಕಪ್ಪು ಹೆಂಟೆ ಹಾಗೇ ಇತ್ತು.

ಮಧ್ಯಾಹ್ನ ಮಾಸ್ತರು ತಗಡಿನ ಡಬ್ಬಿಗಳನ್ನು ಹಿಡಿದು ಬಂದರು. ಹೆಣ ಕಂಡು ನಿಂತರು. ಅವ್ವ ಅಪ್ಪನ ಬೆರಳು ಬಿಡಿಸಿ ಆ ಹೆಂಟೆ ತೆಗೆದು ಅವರ ಮುಂದೆ ಹಿಡಿದಳು.

"ತಗೋರಿ. ನಿಮಗಂತನ ತೆಗದದ್ದು."

"ಬ್ಯಾಡ್ರೀ ಅವ್ವಾರ."

"ಬ್ಯಾಡಂದ್ರ ಹೆಂಗ್ರಿ? ಇದರ ಸಲುವಾಗೇ ಹ್ವಾದ್ರು."

ತೆಗೆದುಕೊಂಡರು. ಡಬ್ಬಿಗೆ ಹಾಕಲಿಲ್ಲ. ಅಂಗೈಯಲ್ಲಿ ಹಿಡಿದುಕೊಂಡೇ ಏರಿ ಹತ್ತಿ ಹೋದರು. ಅದು ಆಕಾಶದ್ದೋ ಒಲೆಯದೋ, ನಮಗೆ ಯಾರೂ ಹೇಳಲಿಲ್ಲ. ಅವ್ವ ಕೇಳಲಿಲ್ಲ.

ಬಿದ್ದ ಸಾಕ್ಷಿಯಲ್ಲಿ ಪದರ ಒಂದೂ ಉಳಿದಿರಲಿಲ್ಲ, ಎಲ್ಲ ಒಂದೇ ಗುಡ್ಡೆ. ಅದನ್ನು ಮುಟ್ಟಲು ಗುಂಪಿನವರು ಒಪ್ಪಲಿಲ್ಲ. ಅಪ್ಪನಿಗೆ ಮಣ್ಣು ಕೊಟ್ಟು ಬಂದ ಮೇಲೆ ನಾನೇ ಹೊತ್ತು ಹಾಕಿದೆ.