ಕಮಲ ಮಹಲಿನ ಪೀಠದೊಳಗೆ

2006ರ ಡಿಸೆಂಬರ್. ಹೊಸಪೇಟೆಯಲ್ಲಿ ನಾನು ಕಟ್ಟಡಗಳ ಮಾಡೆಲ್ ತಯಾರಿಸುವ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದೆ. ಗಣಿಯ ಹಣ ಊರಿಗೆ ನುಗ್ಗಿ ಬರುತ್ತಿದ್ದ ಕಾಲ. ಹೊಸ ಪ್ಲಾಂಟು, ಹೊಸ ಆಫೀಸು, ಹೊಸ ಗೆಸ್ಟ್‌ಹೌಸ್ ಕಟ್ಟುವ ಎಲ್ಲರಿಗೂ ಮೊದಲು ಗಾಜಿನ ಪೆಟ್ಟಿಗೆಯಲ್ಲಿ ಅದರ ಪುಟ್ಟ ರೂಪ ಬೇಕಿತ್ತು. ಆರ್ಕಿಟೆಕ್ಚರ್ ಓದಿದ್ದ ನನ್ನದು ನಕ್ಷೆ ಮತ್ತು ಅಳತೆ. ದೀಪ ಮತ್ತು ವೈರಿಂಗ್ ಪಂಪಾಪತಿಯವರದು. ಚಿತ್ತವಾಡ್ಗಿಯ ಪಂಪಾಪತಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವರು, ವರ್ಕ್‌ಶಾಪಿನಲ್ಲಿ ನನ್ನ ಪಾಲುದಾರರು.

ಆ ವರ್ಷ ಊರಿನ ದೊಡ್ಡ ಹೋಟೆಲೊಂದರ ಮ್ಯಾನೇಜರ್ ಬೇರೆಯದೇ ಕೆಲಸ ತಂದರು. ಕ್ರಿಸ್‌ಮಸ್ಸಿಗೆ ಹಂಪಿ ನೋಡಲು ಬರುವವರು, ಅದಿರು ಕೊಳ್ಳಲು ಬಂದ ಪರದೇಶದವರು, ಎಲ್ಲರಿಂದ ಅವರ ಹೋಟೆಲ್ ತುಂಬಿರುತ್ತಿತ್ತು. ಲಾಬಿಯ ನಡುವೆ ಹಂಪಿಯ ಕಮಲ ಮಹಲ್ ನಿಲ್ಲಬೇಕು, ಅದೂ ಮಕ್ಕಳು ಒಂದಕ್ಕೊಂದು ಕಚ್ಚಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ, ಒಳಗಿನಿಂದ ದೀಪ ಹೊಮ್ಮಬೇಕು ಎಂದರು.

ಚೌಕ ಇಟ್ಟಿಗೆಯಲ್ಲಿ ಕಮಲ ಮಹಲಿನ ಕಮಾನು ಬಾಗಿಸುವುದು ಸುಲಭವಲ್ಲ. ಪ್ರತಿ ಸಾಲನ್ನೂ ಇಟ್ಟಿಗೆಯ ಮೇಲಿನ ಒಂದೊಂದು ಗುಬುಟಿನಷ್ಟು ಮುಂದಕ್ಕೆ ಚಾಚುತ್ತ, ಎರಡು ಕಡೆಯಿಂದ ಬಂದ ಮೆಟ್ಟಿಲುಗಳು ಮೇಲೆ ಸೇರುವಂತೆ ಮಾಡಿದೆ. ದೂರದಿಂದ ನೋಡಿದರೆ ಮೆಟ್ಟಿಲು ಕರಗಿ ಕಮಾನಾಗುತ್ತಿತ್ತು. ಬಲ್ಬುಗಳ ಮುಂದೆ ಬಟರ್ ಪೇಪರ್ ಕಟ್ಟಿದ್ದರಿಂದ ಬೆಳಕು ಬೆಣ್ಣೆಯಂತೆ ಮೆತ್ತಗಾಯಿತು. ಬಲ್ಬುಗಳಿಗೆ ಹನ್ನೆರಡು ವೋಲ್ಟ್ ಸಾಕು, ಮುಟ್ಟಿದರೂ ಅಪಾಯವಿಲ್ಲ. ಆದರೆ ಮನೆಯ ಕರೆಂಟನ್ನು ಅಷ್ಟಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರಿಗೆ ಬರುವ ವೈರಿನಲ್ಲಿ ಪೂರ್ತಿ 230 ವೋಲ್ಟ್ ಇರುತ್ತದೆ. ಅಂಥ ಎರಡು ಟ್ರಾನ್ಸ್‌ಫಾರ್ಮರುಗಳನ್ನು ಮಹಲಿನ ಕೆಳಗಿನ ಪ್ಲೈವುಡ್ ಪೀಠದೊಳಗೆ ಇಟ್ಟೆವು: ಕಮಾನುಗಳಿಗೆ ಒಂದು, ಗೋಪುರಗಳಿಗೆ ಒಂದು. ರಿಪೇರಿಗೆಂದು ಪೀಠದ ಹಿಂಬದಿಯಲ್ಲಿ ಒಬ್ಬರು ತೆವಳಿ ಹೋಗುವಷ್ಟು ಬಾಗಿಲು ಬಿಟ್ಟಿದ್ದೆ.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಲಾಬಿ ಕಿಕ್ಕಿರಿದಿತ್ತು. ಹಾಡು ನಡೆದಿತ್ತು. ಇದ್ದಕ್ಕಿದ್ದಂತೆ ಗೋಪುರಗಳ ದೀಪಗಳು ಆರಿದವು. ಹೋಟೆಲಿನ ಮುಂದೆ ಅದಿರು ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದವು. ಆ ಕಂಪನಕ್ಕೆ ಟ್ರಾನ್ಸ್‌ಫಾರ್ಮರಿನ ಸ್ಕ್ರೂ ಸಡಿಲಾಗಿರಬೇಕು ಎಂದರು ಪಂಪಾಪತಿ. ಮಹಲಿಗೆ ಕರೆಂಟು ಕೊಡುವ, ಲಾಬಿಯ ಕಂಬದ ಮೇಲಿನ ಸ್ವಿಚ್ ಆರಿಸಿದೆ. ಇಡೀ ಮಹಲು ಕತ್ತಲಾಯಿತು. ಅವರು ಟೆಸ್ಟರ್ ಇಟ್ಟು ನೋಡಿ, ಕರೆಂಟಿಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ತೆವಳಿದರು. ಅವರ ಪಾದಗಳಷ್ಟೇ ಹೊರಗೆ ಕಾಣುತ್ತಿದ್ದವು.

ಆಗ ಊರಿನ ಕರೆಂಟೇ ಹೋಯಿತು. ನಾನು ಗಾಬರಿಯಾಗಲಿಲ್ಲ, ನಮ್ಮ ಸ್ವಿಚ್ ಆರಿಸಿಯೇ ಇತ್ತಲ್ಲ. ಹೋಟೆಲಿನ ಮೇಂಟೆನೆನ್ಸ್ ನೋಡಿಕೊಳ್ಳುವ ಗಾದಿಲಿಂಗಪ್ಪ ಟಾರ್ಚ್ ಹಿಡಿದು ನಗುತ್ತ ಬಂದರು.

"ಚಿಂತಿ ಮಾಡಬ್ಯಾಡ್ರಿ ಮೇಡಂ, ನಿಮ್ಮ ಮಹಲ್ ಕತ್ಲಾಗಂಗಿಲ್ಲ. ಜನರೇಟರ್‌ದು ಬ್ಯಾರೆ ಲೈನ್ ನಿನ್ನಿನೇ ಎಳದೀನಿ. ಸೀದಾ ಒಳಗ ಕೊಟ್ಟೀನಿ."

ಕಂಬದ ಸ್ವಿಚ್ಚಿಗೂ ಆ ಲೈನಿಗೂ ಸಂಬಂಧವೇ ಇರಲಿಲ್ಲ. ಜನರೇಟರ್ ಚಾಲೂ ಆದರೆ ಕರೆಂಟು ನೇರ ಪೀಠದೊಳಗೆ ಬರುತ್ತದೆ.

"ಒಳಗ ಪಂಪಾಪತಿ ಅದಾರ! ಚಾಲೂ ಮಾಡಬ್ಯಾಡಂತ ಹೇಳ್ರಿ, ಓಡ್ರಿ!"

ಗಾದಿಲಿಂಗಪ್ಪ ಓಡಿದರು. ಅವರು ಅಡುಗೆಮನೆಯ ಬಾಗಿಲು ದಾಟುವಷ್ಟರಲ್ಲಿ ಹಿತ್ತಲಿನಿಂದ ಜನರೇಟರಿನ ಗುಡುಗು ಕೇಳಿತು. ಲಾಬಿಯ ದೀಪಗಳೆಲ್ಲ ಹತ್ತಿದವು. ನನ್ನ ಕಣ್ಣ ಮುಂದೆಯೇ ಕಮಲ ಮಹಲಿನ ಕಮಾನುಗಳು ಒಂದೇ ಏಟಿಗೆ ಬೆಳಗಿದವು. ಜನ ಚಪ್ಪಾಳೆ ತಟ್ಟಿದರು.

ಕಮಾನು ಬೆಳಗಿದೆ ಎಂದರೆ ಪೀಠದೊಳಗೆ ಕರೆಂಟು ಬಂದಿದೆ. ಪಂಪಾಪತಿಯವರ ಪಾದಗಳು ಅಲುಗುತ್ತಿರಲಿಲ್ಲ. ಎರಡು ಸಲ ಹೆಸರು ಕೂಗಿದೆ. ಉತ್ತರವಿಲ್ಲ. ಅವರ ಹೆಂಡತಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ತುಂಬಿಕೊಂಡಿತು. ಮೊಣಕಾಲೂರಿ ಕೂತು, ಎಳೆದುಬಿಡೋಣವೆಂದು ಅವರ ಪ್ಯಾಂಟಿನ ಅಂಚು ಹಿಡಿದೆ.

ಒಳಗಿನಿಂದ ಪಿಸುದನಿ ಬಂತು. "ಎಳೀಬ್ಯಾಡ್ರಿ ಮೇಡಂ. ಬಿಚ್ಚಿದ ವೈರ್ ಕುತ್ಗಿ ಹತ್ರನೇ ಜೋತಾಡಾಕತ್ತೈತಿ. ಅಲುಗಿದ್ರ ಹತ್ತತೈತಿ."

ಬದುಕಿದ್ದಾರೆ ಎಂಬ ಸಮಾಧಾನ ಒಂದು ಉಸಿರಿನಷ್ಟು ಹೊತ್ತೂ ಉಳಿಯಲಿಲ್ಲ. ಇನ್ನೊಂದು ಕ್ಷಣ ತಡವಾಗಿದ್ದರೆ ನನ್ನ ಕೈಯೇ ಅವರನ್ನು ಆ ವೈರಿಗೆ ತಾಗಿಸುತ್ತಿತ್ತು.

"ಹೋಗ್ರಿ," ಎಂದರು ಅವರು. "ಜಲ್ದಿ ಆರಿಸ್ರಿ."

ಅವರನ್ನು ಅಲ್ಲಿ ಬಿಟ್ಟು ಏಳುವುದೇ ನನಗೆ ಕಷ್ಟವಾಯಿತು. ಹತ್ತಿರ ನಿಂತಿದ್ದ ಕುಟುಂಬಕ್ಕೆ ಯಾರನ್ನೂ ಇದರ ಬಳಿ ಬಿಡಬೇಡಿ ಎಂದು ಹೇಳಿ ಓಡಿದೆ. ಹಿತ್ತಲಿನ ಶೆಡ್ಡಿನಲ್ಲಿ ಗಾದಿಲಿಂಗಪ್ಪ ಫ್ಯೂಸ್ ಬೋರ್ಡಿನ ಮುಂದೆ ನಿಂತಿದ್ದರು. ಸಾಲುಸಾಲು ಫ್ಯೂಸುಗಳು, ಯಾವುದರ ಮೇಲೂ ಹೆಸರಿಲ್ಲ. ಹೆದರಿಕೆಗೆ ಅವರಿಗೆ ತಾವೇ ಹಾಕಿದ ಫ್ಯೂಸ್ ಯಾವುದೆಂದು ನೆನಪಾಗುತ್ತಿರಲಿಲ್ಲ.

"ಇದಾ... ಅಲ್ಲಲ್ಲ, ತಡೀರಿ..."

"ಜನರೇಟರೇ ನಿಲ್ಲಿಸ್ರಿ!" ಎಂದೆ.

ಸದ್ದು ಕೇಳಿ ಬಂದಿದ್ದ ಮ್ಯಾನೇಜರ್ ಅಡ್ಡ ಕೈ ಚಾಚಿದರು. "ಬ್ಯಾಡ ಮೇಡಂ, ಲಿಫ್ಟ್‌ನಾಗ ಗೆಸ್ಟ್ ಅದಾರ, ಸಿಕ್ಕೊಂತಾರ. ಲೈನ್ ಅಷ್ಟ ಹುಡುಕಿ ತಗೀರಿ."

ನಾನು ಅವರ ಕೈಯ ಕೆಳಗೆ ನುಸುಳಿ ಜನರೇಟರಿನ ಕೆಂಪು ಗುಂಡಿ ಒತ್ತಿದೆ. ಯಂತ್ರ ಕೆಮ್ಮಿ ನಿಂತಿತು. ಇಡೀ ಹೋಟೆಲು ಕತ್ತಲಾಯಿತು. ಲಿಫ್ಟಿನಿಂದ ಕೂಗು ಕೇಳಿಬಂತು. ಮತ್ತೆ ಯಾರೂ ಚಾಲೂ ಮಾಡದಂತೆ ಗಾದಿಲಿಂಗಪ್ಪನವರನ್ನು ಅಲ್ಲೇ ಕಾವಲು ನಿಲ್ಲಿಸಿ, ಗೋಡೆ ತಡವುತ್ತ ವಾಪಸು ಬಂದೆ.

"ಆರೇತಿ, ಬರ್ರಿ!" ಎಂದೆ.

ಅವರು ಕೂಡಲೇ ಬರಲಿಲ್ಲ. ಕತ್ತಲಲ್ಲಿ ಮೊದಲು ಒಂದು ಕಾಲು ಹಿಂದೆ ಸರಿಯಿತು, ತಡೆದು ಇನ್ನೊಂದು. ಹೊರಬಂದವರು ಪೀಠಕ್ಕೆ ಒರಗಿ ಕೂತು, ಎರಡೂ ಅಂಗೈ ನೆಲಕ್ಕೊತ್ತಿದರು. ಯಾರೋ ಹಿಡಿದ ಟಾರ್ಚಿನ ಬೆಳಕಿನಲ್ಲಿ ಅವರ ಅಂಗಿ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿದ್ದು ಕಂಡಿತು.

"ಜನರೇಟರ್ ಚಾಲೂ ಆಗಿ ನೆಲ ನಡುಗಿದ್ದು ಗೊತ್ತಾತ್ರಿ, ವೈರ್ ಕೈ ಬಿಟ್ಟೆ," ಎಂದರು. "ನೀವು ಕೂಗಿದ್ದು ಕೇಳ್ತು. ಓ ಅನ್ನಾಕ ಹೆದರಿಕಿ ಆತು."

ಲಿಫ್ಟಿನಲ್ಲಿದ್ದವರನ್ನು ಕೈಯಿಂದ ಬಾಗಿಲು ತೆರೆದು ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಊರಿನ ಕರೆಂಟು ಬಂದ ಮೇಲೆ ಮ್ಯಾನೇಜರ್ ಮಹಲಿನ ಕಡೆ ನೋಡಿ, "ಇವತ್ತ ಮತ್ತ ಹಚ್ಚಾಕ ಆಗತೈತೇನ್ರಿ?" ಎಂದು ಕೇಳಿದರು. ಆಗಂಗಿಲ್ಲ ಎಂದೆ. ಅವರೂ ಒತ್ತಾಯಿಸಲಿಲ್ಲ.

ಮರುದಿನ ಬೆಳಿಗ್ಗೆ ಗಾದಿಲಿಂಗಪ್ಪ ತಾವೇ ಆ ಎರಡನೇ ಲೈನನ್ನು ಬುಡದಿಂದ ಕಿತ್ತರು. ಗೋಪುರಗಳ ಸಡಿಲ ಸ್ಕ್ರೂ ಮಾತ್ರ ಹಾಗೇ ಇತ್ತು. ಪಂಪಾಪತಿ ಸ್ಕ್ರೂಡ್ರೈವರ್ ಹಿಡಿದು ಪೀಠದ ಬಾಗಿಲ ಮುಂದೆ ಕೂತರು. ಒಳಕ್ಕೆ ತಲೆ ಹಾಕಿದರು, ಹಿಂದಕ್ಕೆ ತೆಗೆದರು. ಮತ್ತೊಮ್ಮೆ ಯತ್ನಿಸಿದರು.

"ಆಗವಲ್ದ್ರಿ ಮೇಡಂ," ಎಂದರು.

"ನಾ ಹೋಗ್ತೀನಿ. ಎಲ್ಲಿ ಬಿಗೀಬೇಕಂತ ಹೇಳ್ರಿ ಸಾಕು."

ಅವರು ಮಹಲಿನ ಲೈನಿನ ಫ್ಯೂಸ್ ಕಿತ್ತು ತಂದು ಮುಷ್ಟಿಯಲ್ಲಿ ಹಿಡಿದು ಬಾಗಿಲ ಬಳಿ ಕೂತರು. ನಾನು ಸೆರಗು ಬಿಗಿದು ಒಳಗೆ ತೆವಳಿದೆ. ನಾನೇ ಗೆರೆ ಎಳೆದು ಅಳತೆ ಕೊಟ್ಟ ಜಾಗ ಅದು. ನಕ್ಷೆಯಲ್ಲಿ ಧಾರಾಳವಾಗಿ ಕಂಡದ್ದು ಒಳಗೆ ಹೋದಾಗ ಭುಜ ಹೊರಳಿಸಲೂ ಬಿಡಲಿಲ್ಲ. ವೈರಿನ ತುದಿ ಕೆನ್ನೆಯ ಹತ್ತಿರ ತೂಗುತ್ತಿತ್ತು. ಅದರಲ್ಲಿ ಕರೆಂಟಿಲ್ಲ, ಫ್ಯೂಸ್ ಅವರ ಕೈಯಲ್ಲಿದೆ ಎಂದು ಗೊತ್ತಿದ್ದೂ ಮುಖವನ್ನು ಅದರಿಂದ ಆಚೆ ಸರಿಸಿಕೊಂಡೆ.

"ಮೇಡಂ?" ಎಂದರು ಹೊರಗಿನಿಂದ.

"ಅದೀನಿ," ಎಂದೆ.

ತುಸು ಹೊತ್ತಿಗೆ ಮತ್ತೆ, "ಮೇಡಂ?"

"ಅದೀನ್ರಿ."

ಸ್ಕ್ರೂ ಬಿಗಿಯಾಗುವ ತನಕ ಅವರು ಕರೆಯುವುದನ್ನು ನಿಲ್ಲಿಸಲಿಲ್ಲ. ಅಂದಿನಿಂದ ನಮ್ಮ ವರ್ಕ್‌ಶಾಪಿನಲ್ಲಿ ಅದೇ ರೂಢಿಯಾಯಿತು. ಒಳಗೆ ಹೋದವರು ಯಾರೇ ಆಗಲಿ, ಹೊರಗೊಬ್ಬರು ಫ್ಯೂಸ್ ಹಿಡಿದು ಕೂರಬೇಕು, ಹೆಸರು ಹಿಡಿದು ಕೂಗುತ್ತಿರಬೇಕು. ಎಷ್ಟು ದೊಡ್ಡವರು ಕಾಯುತ್ತಿದ್ದರೂ, ಒಳಗಿದ್ದವರು ಹೊರಬಂದು ಅವರ ಮುಖ ಕಂಡ ಮೇಲೆಯೇ ನಾನು ದೀಪ ಹಚ್ಚಲು ಹೇಳುತ್ತಿದ್ದೆ.