ಅಗಲ ಮೊದಲು, ಉದ್ದ ಆಮೇಲೆ

ನಮ್ಮ ಮನೆಯಲ್ಲಿ ಗಂಡ ಹೆಂಡತಿ ಜಗಳ ಆಗುತ್ತಿದ್ದದ್ದು ಉಪ್ಪು ಖಾರಕ್ಕಲ್ಲ, ಎರಡು ಅಂಕಿಗಳಿಗೆ. ನಮ್ಮ ಯಜಮಾನರು ಪ್ರೋಗ್ರಾಮ್ ಬರೆಯುತ್ತಿದ್ದದ್ದು ಸಿ ಭಾಷೆಯಲ್ಲಿ, ನಾನು ಪೈಥಾನ್‌ನಲ್ಲಿ. ಇಳಕಲ್ಲಿನ ಮಗ್ಗದವರಿಗಾಗಿ ಸೀರೆಯ ದಡಿಯನ್ನು, ಅಂಚಿನ ಆ ಚಿತ್ತಾರವನ್ನು, ನಾನು ಕಂಪ್ಯೂಟರಿನಲ್ಲಿ ಬಿಡಿಸಿ ಅವರ ಫಂಕ್ಷನ್ನಿಗೆ, ಅಂದರೆ ಅವರು ಬರೆದಿಟ್ಟ ಪ್ರೋಗ್ರಾಮಿನ ತುಣುಕಿಗೆ, ಕೊಡಬೇಕಿತ್ತು. ಅದು ಮಗ್ಗಕ್ಕೆ ತಿಳಿಯುವಂತೆ ಎಳೆ ಎಳೆಯಾಗಿ ಬಿಡಿಸಿಡುತ್ತಿತ್ತು. ಚಿತ್ರದ ಜೊತೆ ಎರಡು ಅಂಕಿ ಹೋಗಬೇಕು, ಮೊದಲು ಅಗಲ, ಆಮೇಲೆ ಉದ್ದ. ನನ್ನ ಭಾಷೆಯೊಳಗೆ ಇದು ಅಗಲ, ಇದು ಉದ್ದ ಎಂದು ಹೆಸರು ಹೇಳಿ ಕಳಿಸಿದರೆ ಯಾವುದು ಮುಂದೆ ಬಂದರೂ ನಡೆಯುತ್ತದೆ. ಅವರ ಕಡೆಗೆ ಹೆಸರು ದಾಟುವುದಿಲ್ಲ. ಮೊದಲು ಬಂದದ್ದೇ ಅಗಲ. ಅದಲುಬದಲಾದರೆ ಎರಡೂ ಭಾಷೆಗಳು ತಪ್ಪೆಂದು ಹೇಳದೆ ಬಾಯಿ ಮುಚ್ಚಿಕೊಂಡಿರುತ್ತವೆ, ದಡಿ ಮಾತ್ರ ಚೂರುಚೂರಾಗಿ ಓರೆಗೆ ಬೀಳುತ್ತದೆ.

ನಾನು ಸದಾ ಉದ್ದವನ್ನೇ ಮೊದಲು ಕಳಿಸುತ್ತಿದ್ದೆ. ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ. "ಯಾವುದು ಮುಂದ, ಯಾವುದು ಹಿಂದ ಅನ್ನೂದು ಕಳಸೋರಿಗೆ ಗೊತ್ತಿರಬೇಕು. ಎಷ್ಟ ಸಲ ಹೇಳ್ಬೇಕ ನಿನಗ?" ಎಂದು ನಾವಿದ್ದ ವಿದ್ಯಾಗಿರಿಯ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ನಾನೇನು ಕಡಿಮೆಯವಳಲ್ಲ. "ಹೆಸರು ಕೇಳಾಕ ನಿಮ್ಮ ಫಂಕ್ಷನ್ನಿಗೆ ಏನ್ ಧಾಡಿರಿ?" ಎನ್ನುತ್ತಿದ್ದೆ. ಆಮೇಲೆ ಚಹಾ ಮಾಡುತ್ತಿದ್ದವರು ಅವರೇ.

ಹೋದ ಬೇಸಿಗೆಯಲ್ಲಿ ಅವರಿಗೆ ಮಿದುಳು ಜ್ವರ ಬಂತು. ಜೀವ ಉಳಿಯಿತು, ನೆನಪು ಉಳಿಯಲಿಲ್ಲ. ಮನೆಗೆ ಬಂದ ಮೇಲೂ ನನ್ನನ್ನು ದವಾಖಾನೆಯ ಸಿಸ್ಟರ್ ಎಂದೇ ತಿಳಿದಿದ್ದರು. ಹಳೆಯ ಪರಿಚಯದ್ದೇನಾದರೂ ತೋರಿಸುತ್ತಿರಿ, ನೆನಪು ಮರಳಿದರೂ ಮರಳಬಹುದು ಎಂದರು ಡಾಕ್ಟರು. ಮದುವೆಯ ಫೋಟೊ ತೋರಿಸಿದೆ. ಹಿಂದೆ ಇಬ್ಬರೂ ಹೋಗುತ್ತಿದ್ದ ಬನಶಂಕರಿಯ ಗುಡಿಗೆ ಕರೆದುಕೊಂಡು ಹೋಗಿ, ಹೊಂಡದ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತಂದು ಮಾರುವ ರೊಟ್ಟಿ, ಮೊಸರು ಉಣ್ಣಿಸಿದೆ. ಉಂಡು, ನನಗೆ ಕೈ ಮುಗಿದರು.

ಪ್ರೀತಿ ಮರೆತಿರಬಹುದು, ಆ ಸಿಟ್ಟಾದರೂ ಎಲ್ಲೋ ಉಳಿದಿರಬೇಕು ಎಂಬ ಆಸೆ ನನಗೆ. ಒಂದು ಮಧ್ಯಾಹ್ನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಂಪ್ಯೂಟರ್ ತೆರೆದೆ. ಅವರು ಬರೆದ ಫಂಕ್ಷನ್ನಿಗೆ ಬೇಕೆಂದೇ ಉದ್ದವನ್ನು ಮೊದಲು ಕಳಿಸಿದೆ. ದಡಿ ಚೂರುಚೂರಾಗಿ ತೆರೆಯ ಮೇಲೆ ಬಂತು. ಬೈಯಲಿ, ಓಣಿಯೆಲ್ಲ ಕೇಳಲಿ ಎಂದು ಅವರ ಮುಖವನ್ನೇ ನೋಡುತ್ತ ಕುಳಿತೆ.

ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಭಾಳ ಚಂದ ಬಂದೈತ್ರಿ," ಎಂದರು. ಆಮೇಲೆ ಸಂಕೋಚದಿಂದ ಕೇಳಿದರು, "ನಿಮ್ಮ ಮನಿಯವರು ಕಲಿಸಿದ್ರೇನ್ರಿ?"

"ಹೂನ್ರಿ," ಎಂದೆ. "ಅವರ ಕಲಿಸಿದ್ರು."