ಬಿಸಿನೀರಿನ ಬುಗ್ಗೆಯ ಸೋಡಾ ಅಕ್ಕ
ಬಿಸಿನೀರಿನ ಬುಗ್ಗೆ ತೋರಿಸುವ ಸೋಡಾ ಅಕ್ಕನ ಬಾಯಿಗೆ ಬೀಗವಿಲ್ಲ. ಪ್ರವಾಸಿಗರು ಬಸ್ಸಿನಿಂದ ಇಳಿಯುವಷ್ಟರಲ್ಲೇ ಸೋಡಾ ಬಾಟಲಿಯ ಮುಚ್ಚಳ ತೆಗೆದು, "ನೋಡಿ, ಈ ಜ್ವಾಲಾಮುಖಿ ಬೆಟ್ಟಕ್ಕೂ ಹೀಗೇ ಗ್ಯಾಸ್ ಟ್ರಬಲ್ಲು" ಎಂದು ಶುರುಮಾಡುತ್ತಾಳೆ. ಬೆಟ್ಟದ ಹೊಟ್ಟೆಯ ಆ ಗ್ಯಾಸು ನೆಲದಡಿಯ ನೀರಿಗೆ ಸೇರುತ್ತದೆ, ಹುಳಿಯಾದ ನೀರು ಸುಣ್ಣದ ಕಲ್ಲನ್ನು ಕರಗಿಸಿಕೊಂಡು ಮೇಲೆ ಬರುತ್ತದೆ, ಹೊರಗೆ ಗ್ಯಾಸು ಹಾರಿಹೋದೊಡನೆ ಸುಣ್ಣ ಪದರ ಪದರವಾಗಿ ಕೂತು ಬಿಳಿ ಮೆಟ್ಟಿಲಾಗುತ್ತದೆ ಎಂಬುದನ್ನೆಲ್ಲ ತೇಗಿನ ಸಮೇತ ವಿವರಿಸುತ್ತಾಳೆ. ಯಾರಾದರೂ ಆ ಮೆಟ್ಟಿಲ ಮೇಲೆ ಕಾಲಿಟ್ಟರೆ, "ಸ್ವಾಮಿ, ಇಳೀರಿ, ಅಲ್ಲೇ ನಿಂತ್ರೆ ನಿಮ್ಮನ್ನೂ ಕಲ್ಲು ಮಾಡತ್ತೆ. ಮನೆಯವರಿಗೆ ವ್ಯತ್ಯಾಸ ಗೊತ್ತಾಗ್ದೇ ಇರಬಹುದು" ಎನ್ನುತ್ತಾಳೆ. ಮೇಲಧಿಕಾರಿ ಬಂದು, "ಸ್ವಲ್ಪ ಗಂಭೀರವಾಗಿ ಹೇಳಮ್ಮ" ಎಂದರೆ, "ಬೆಟ್ಟಕ್ಕೇ ಗಾಂಭೀರ್ಯ ಇಲ್ಲ, ನನಗೆಲ್ಲಿಂದ ಬರಬೇಕು ಸಾರ್" ಎಂದು ಅವರ ಕೈಗೂ ಒಂದು ಬಾಟಲಿ ಕೊಡುತ್ತಾಳೆ. ಈ ತಮಾಷೆಗಳೆಲ್ಲ ಅವಳ ಗಂಡನವು. ಲಕ್ವ ಹೊಡೆದು ಮಾತು ನಿಲ್ಲುವವರೆಗೆ ಇಲ್ಲಿ ಗೈಡ್ ಆಗಿದ್ದವನು ಅವನೇ. ಸಂಜೆ ಮನೆಗೆ ಹೋಗಿ ಅವನ ಮಂಚದ ಪಕ್ಕ ಕೂತು ಅವಳು ಎಲ್ಲವನ್ನೂ ಮತ್ತೊಮ್ಮೆ ಹೇಳುತ್ತಾಳೆ, ಬೇಕೆಂದೇ ಒಂದು ಕಡೆ ತಪ್ಪು ಹೇಳುತ್ತಾಳೆ. "ಸುಣ್ಣ ಆಕಾಶದಿಂದ ಬೀಳತ್ತೆ, ಅಲ್ವಾ?" ಅವನು ಹುಬ್ಬು ಗಂಟಿಕ್ಕಿ ಅಲ್ಲವೆಂದು ತಲೆಯಾಡಿಸಿದ ದಿನ ಅವಳಿಗೆ ಊಟ ಸೇರುತ್ತದೆ.